ಕಾರೊ-ಕಾನ್ ತಾನಾಗಿ ಯಾರನ್ನೂ ಕಾಯುವುದಿಲ್ಲ

ಚದುರಂಗದಲ್ಲಿ ಕಪ್ಪು ಕಾಯಿ ಹಿಡಿದ ಮಕ್ಕಳಿಗೆ ಹಿರಿಯ ಆಟಗಾರರು ಹೇಳುವ ಬುದ್ಧಿಮಾತು ಬಹುತೇಕ ಒಂದೇ: ‘ಕಾರೊ-ಕಾನ್ ಬಾಯಿಪಾಠ ಮಾಡಿಕೋ. ಗಟ್ಟಿ ಡಿಫೆನ್ಸ್. ಮೊದಲ ಹತ್ತು ನಡೆ ಏನೂ ಆಗುವುದಿಲ್ಲ.’ ಈ ಮಾತನ್ನು ನಾನು ಒಪ್ಪಲಾರೆ. ಕಾರೊ-ಕಾನ್ ಒಳ್ಳೆಯ ಡಿಫೆನ್ಸ್ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಗಟ್ಟಿತನ ಬಾಯಿಪಾಠಕ್ಕೆ ದಕ್ಕುವಂಥದ್ದಲ್ಲ.

ಮಣೆ ಹಾಸಿಕೊಂಡು ನೋಡಿ. ಬಿಳಿ ಇ4, ಕಪ್ಪು ಸಿ6. ಬಿಳಿ ಡಿ4, ಕಪ್ಪು ಡಿ5. ಬಿಳಿಯ ಕಾಲಾಳು ಇ5ಕ್ಕೆ ನುಗ್ಗುತ್ತದೆ. ಕಪ್ಪಿನ ಒಂಟೆ, ಅಂದರೆ ಬಿಷಪ್, ಎಫ್5ಕ್ಕೆ ಬರುತ್ತದೆ. ಈಗ ಬಿಳಿ ಎಚ್4 ಆಡಿತೆನ್ನಿ. ಒಂಟೆ ಹೊರಬಂದ ಮೇಲೆ ಇ6 ಎಂದು ಉರುಹೊಡೆದ ಹುಡುಗ ಇ6 ಆಡುತ್ತಾನೆ. ಜಿ4 ಬರುತ್ತದೆ. ಒಂಟೆ ಇ4ಕ್ಕೆ ಓಡುತ್ತದೆ; ಎಫ್3. ಜಿ6ಕ್ಕೆ ಸರಿಯುತ್ತದೆ, ಎಚ್5. ಇನ್ನು ಅದಕ್ಕೆ ನಿಲ್ಲಲು ಮನೆಯಿಲ್ಲ. ಹೆಚ್ಚೆಂದರೆ ಸಿ2ರ ಕಾಲಾಳನ್ನು ಕಡಿದು ಸಾಯಬಹುದು. ಏಳೇ ನಡೆಗೆ ಒಂದು ಕಾಯಿ ಹೋಯಿತು, ಅದೂ ‘ಗಟ್ಟಿ’ ಡಿಫೆನ್ಸಿನಲ್ಲಿ.

ಒಂಟೆಯನ್ನು ಅಟ್ಟಿ ಹಿಡಿಯಲೆಂದೇ ಎಚ್4 ಬಂದಿದೆ ಎಂದು ಗೊತ್ತಾಗಿದ್ದರೆ ಹುಡುಗ ಎಚ್5 ಆಡಿ ಜಿ4ಕ್ಕೆ ಅಡ್ಡ ನಿಲ್ಲುತ್ತಿದ್ದ. ಇಲ್ಲವೇ ಎಚ್6 ಆಡಿ ಎಚ್7ರ ಮನೆಯನ್ನು ತೆರವು ಮಾಡಿಕೊಳ್ಳುತ್ತಿದ್ದ. 1961ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಿಖಾಯಿಲ್ ತಾಲ್ ಇದೇ ಎಚ್4 ಆಡಿದಾಗ ಎದುರಾಳಿ ಬೊಟ್ವಿನ್ನಿಕ್ ಕೊಟ್ಟ ಉತ್ತರ ಎಚ್6. ಆ ಸರಣಿ ಗೆದ್ದು ಪಟ್ಟವನ್ನು ಮರಳಿ ಪಡೆದವರೂ ಅವರೇ.

‘ಲಂಡನ್ನಿನಲ್ಲಿ ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಹಿಡಿದು ಕಾಸ್ಪರೋವ್‌ರನ್ನು ಕಟ್ಟಿಹಾಕಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನಿಜ, 2000ದ ಆ ವಿಶ್ವ ಚಾಂಪಿಯನ್‌ಷಿಪ್ ಸರಣಿಯಲ್ಲಿ ಕಾಸ್ಪರೋವ್‌ಗೆ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. ಆದರೆ ಬರ್ಲಿನ್ನಿನ ಮುಖ್ಯ ದಾರಿಯನ್ನು ಗಮನಿಸಿ: ಎಂಟನೆಯ ನಡೆಗೇ ರಾಣಿಗಳು ಹೋಗುತ್ತವೆ, ಕಪ್ಪು ರಾಜ ಕ್ಯಾಸ್ಲಿಂಗ್ ಹಕ್ಕು ಕಳೆದುಕೊಂಡು ಮಣೆಯ ನಡುವೆ ನಿಲ್ಲುತ್ತಾನೆ, ಕಾಲಾಳುಗಳು ಒಂದರ ಹಿಂದೊಂದು ಜೋಡಿ ಬಿದ್ದಿರುತ್ತವೆ. ಹೊರನೋಟಕ್ಕೆ ಕೆಟ್ಟ ಸ್ಥಿತಿ. ರಾಜನನ್ನು ಎಲ್ಲಿಗೆ ನಡೆಸಬೇಕು, ಎರಡು ಒಂಟೆಗಳಿಂದ ಏನು ಸಾಧಿಸಬೇಕು ಎಂಬ ಅರಿವಿದ್ದುದರಿಂದ ಕ್ರಾಮ್ನಿಕ್ ಕೈಯಲ್ಲಿ ಅದು ಗೋಡೆಯಾಯಿತು. ಅರಿವಿಲ್ಲದವನಿಗೆ ಅದೇ ಸ್ಥಿತಿ ಬರೀ ಸಂಕಟ.

ಗಟ್ಟಿ ಡಿಫೆನ್ಸ್ ಎಂದರೆ ಮುದುಡಿ ಕೂರುವುದು ಎಂಬ ಎಣಿಕೆಯೂ ತಪ್ಪು. ಕಾರೊ-ಕಾನ್‌ನಲ್ಲಿ ಸಿ6 ಇಡುವುದೇ ಡಿ5 ಮೂಲಕ ಬಿಳಿಯ ನಡುಮಣೆಯನ್ನು ಪ್ರಶ್ನಿಸಲು. ಬಿಳಿ ಇ5ಕ್ಕೆ ಮುಂದೊತ್ತಿದರೆ, ಅದೇ ಸಿ ಕಾಲಾಳು ಮುಂದೆ ಸಿ5ಕ್ಕೆ ಹೋಗಿ ಡಿ4ಕ್ಕೆ ಹೊಡೆಯಬೇಕು. ಆ ಹೊತ್ತು ತಿಳಿಯದವನ ಕಾಯಿಗಳು ಕೂತಲ್ಲೇ ಉಸಿರುಗಟ್ಟುತ್ತವೆ.

ನೆನಪು ಬೇಡವೆಂದಲ್ಲ, ಸ್ಪರ್ಧೆಯಲ್ಲಿ ಗಡಿಯಾರ ಓಡುತ್ತಿರುವಾಗ ಎಲ್ಲವನ್ನೂ ಹೊಸದಾಗಿ ಹುಡುಕಲಾಗದು. ಆದರೆ ಕಲಿಸುವ ಕ್ರಮ ಬದಲಾಗಲಿ. ಮಗು ಕಲಿತದ್ದನ್ನು ಒಪ್ಪಿಸುವಾಗ ಎಚ್4ರ ಬಳಿ ತಡೆದು, ‘ಬಿಳಿ ಇದನ್ನು ಯಾಕೆ ಆಡಿತು?’ ಎಂದು ಕೇಳಿ. ಅದು ತನ್ನ ಒಂಟೆಯ ಕಡೆ ಬೆರಳು ತೋರಿಸಿದ ದಿನ ಮುಂದಿನ ನಡೆ ಕಲಿಸಿ.