ಒಪ್ಪಂದದ ಮಾತು ಮತ್ತು ಅದರ ಪಾಲನೆ: ಕಾವೇರಿ ಕರಾರುಗಳ ಒಂದು ವಿಮರ್ಶೆ

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ತಲಕಾಡಿನ ನೆರೆಯ ಮುಡುಕುತೊರೆಯ ಬಳಿ ಬಾಗಿ ಹರಿಯುತ್ತದೆ. ಪಂಚಲಿಂಗಗಳಲ್ಲೊಂದಾದ ಮಲ್ಲಿಕಾರ್ಜುನನ ಬೆಟ್ಟವನ್ನೇರಿ ನಿಂತವರಿಗೆ ಹೊಳೆಯೂ ಅದರ ಇಕ್ಕೆಲದ ಗದ್ದೆಗಳೂ ಒಂದೇ ನೋಟಕ್ಕೆ ದೊರೆಯುತ್ತವೆ. ಕೃಷ್ಣರಾಜಸಾಗರದಿಂದಾಗಲಿ ಕಬಿನಿಯಿಂದಾಗಲಿ ತಮಿಳುನಾಡಿಗೆಂದು ಬಿಟ್ಟ ನೀರು ಈ ಬೆಟ್ಟದ ಬುಡವನ್ನು ಹಾದೇ ಬಿಳಿಗುಂಡ್ಲುವಿನ ಮಾಪನಕೇಂದ್ರವನ್ನು ಮುಟ್ಟಬೇಕು. ಕೊಟ್ಟ ಮಾತು ನಡೆಯಿತೇ ತಪ್ಪಿತೇ ಎಂಬುದು ಇಲ್ಲಿ ಕಣ್ಣಿಗೆ ಕಾಣುವ ಸಂಗತಿ. ಆದಕಾರಣ ಕಾವೇರಿಯ ಕರಾರುಗಳನ್ನು ವಿಮರ್ಶಿಸುವುದಕ್ಕೆ ಮುಡುಕುತೊರೆಯೇ ತಕ್ಕ ನಿಲುಗಡೆಯೆಂದು ನಾವು ಭಾವಿಸಿದ್ದೇವೆ.

ಈ ಕರಾರುಗಳನ್ನು ಕುರಿತು ನಮ್ಮ ತರಗತಿಗಳಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. 1892ರ ಮತ್ತು 1924ರ ಒಪ್ಪಂದಗಳು ಬ್ರಿಟಿಷರ ಮೇಲುಗೈಯಲ್ಲಿ ಮೈಸೂರಿನ ಮೇಲೆ ಹೇರಲ್ಪಟ್ಟವು, ಆದುದರಿಂದ ಅವು ಬಂಧಕವಲ್ಲವೆಂಬುದು ಒಂದು. ಅವು ಶಾಶ್ವತವಾದ ಹಕ್ಕನ್ನು ಕೆಳನಾಡಿಗೆ ಕೊಟ್ಟವೆಂದು ಆ ಕಡೆಯವರು ಹೇಳುತ್ತಾರೆಂಬುದು ಇನ್ನೊಂದು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಇವೆರಡನ್ನೂ ಒಪ್ಪಲಿಲ್ಲ. ಒಪ್ಪಂದಗಳು ಅನ್ಯಾಯದಿಂದ ಪಡೆದವಲ್ಲ, ಆದರೆ 1924ರ ಒಪ್ಪಂದವು ಐವತ್ತು ವರ್ಷಗಳು ತುಂಬಿ 1974ರಲ್ಲಿ ಕೊನೆಗೊಂಡಿತು ಎಂದು ಅದು ನಿರ್ಣಯಿಸಿತು. ಇಷ್ಟರಿಂದ ಚರ್ಚೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಎರಡು ಅಭಿಪ್ರಾಯಗಳಿಗೂ ಸಮಾನವಾದ ಒಂದು ಕೊರತೆಯುಂಟು. ಯಾರಿಗೆ ಎಷ್ಟು ನೀರೆಂಬುದನ್ನು ಅವು ವಿಚಾರಿಸುತ್ತವೆ. ಮಾತು ಮುರಿದಾಗ ಹೋಗಬೇಕಾದ ಬಾಗಿಲು ಯಾವುದೆಂಬುದನ್ನು ವಿಚಾರಿಸುವುದಿಲ್ಲ. ಕರಾರಿನ ಸತ್ತ್ವವನ್ನು ನಾವು ಈ ಎರಡನೆಯ ಪ್ರಶ್ನೆಯಿಂದಲೇ ಅಳೆಯಬೇಕು.

ಮೊದಲು 1892ರ ಫೆಬ್ರವರಿ 18ರ ಕರಾರನ್ನು ನೋಡೋಣ. ಗೊತ್ತಾದ ನದಿಗಳಿಗೆ ಅಡ್ಡಲಾಗಿ ಹೊಸ ಜಲಾಶಯವನ್ನು ಕಟ್ಟುವ ಮುನ್ನ ಮೈಸೂರು ಮದರಾಸಿನ ಒಪ್ಪಿಗೆಯನ್ನು ಪಡೆಯತಕ್ಕದ್ದು. ಮದರಾಸಾದರೋ ಈಗಾಗಲೇ ಅನುಭವದಲ್ಲಿರುವ ಹಕ್ಕಿನ ರಕ್ಷಣೆಗಲ್ಲದೆ ಒಪ್ಪಿಗೆಯನ್ನು ನಿರಾಕರಿಸತಕ್ಕದ್ದಲ್ಲ. ಭಿನ್ನಾಭಿಪ್ರಾಯ ಬಂದರೆ ಉಭಯರೂ ನೇಮಿಸಿದ ಪಂಚಾಯಿತರ ಅಥವಾ ಭಾರತ ಸರಕಾರದ ತೀರ್ಮಾನವೇ ಅಂತಿಮ. ಸಾಮಾನ್ಯವಾಗಿ ಕರಾರಿನ ಮೊದಲ ಮಾತೊಂದನ್ನೇ ನಮ್ಮವರು ಉದ್ಧರಿಸುವರು, ಉಳಿದೆರಡನ್ನು ಮರೆಯುವರು. ಕನ್ನಂಬಾಡಿಯ ಕಟ್ಟೆಯ ವಿಷಯದಲ್ಲಿ ಮೈಸೂರಿಗೆ ಆಸರೆಯಾದದ್ದು ಆ ಉಳಿದ ಮಾತುಗಳೇ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿದ್ದ ಕಾಲದ ಈ ಯೋಜನೆಗೆ ಮದರಾಸು ಆಕ್ಷೇಪಿಸಲು, ವ್ಯಾಜ್ಯವು ಸರ್ ಎಚ್. ಡಿ. ಗ್ರಿಫಿನ್ ಅವರ ಪಂಚಾಯಿತಿಗೆ ಹೋಯಿತು. 1914ರ ಮೇ 12ರ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದಿತು. 1916ರಲ್ಲಿ ಭಾರತ ಸರಕಾರವು ಅದನ್ನು ಸ್ಥಿರಪಡಿಸಿತು. ಆದರೆ ಮದರಾಸಿನ ಮನವಿಯ ಮೇಲೆ ಲಂಡನ್ನಿನ ಭಾರತ ಮಂತ್ರಿಯು 1919ರಲ್ಲಿ ವಿಷಯವನ್ನು ಮತ್ತೆ ತೆರೆದನು. "ಅಂತಿಮ" ಎಂಬ ಪದವು ಕಾಗದದ ಮೇಲೆ ಉಳಿಯಿತು, ವ್ಯವಹಾರದಲ್ಲಿ ಉಳಿಯಲಿಲ್ಲ. ಅಂದು ಕರಾರಿನ ಪಾಲನೆಯನ್ನು ಬೇಡಿ ನಿಂತವರು ನಾವು ಎಂಬುದನ್ನು ಮೈಸೂರಿನ ವಿದ್ಯಾರ್ಥಿಯು ನೆನಪಿನಲ್ಲಿಡಬೇಕು.

ಹೀಗೆ ಹುಟ್ಟಿದ್ದು 1924ರ ಫೆಬ್ರವರಿ 18ರ ರಾಜಿ. ಅದರಂತೆ ಮೈಸೂರು ಕೃಷ್ಣರಾಜಸಾಗರವನ್ನು 124 ಅಡಿಗಳ ಎತ್ತರಕ್ಕೆ ಕಟ್ಟಿತು, ಮದರಾಸು ಮೆಟ್ಟೂರಿನ ಕಟ್ಟೆಯನ್ನು ಎತ್ತಿತು. ಕೆಲವು ನಿಬಂಧನೆಗಳನ್ನು ಐವತ್ತು ವರ್ಷಗಳ ಬಳಿಕ ಪುನರ್ವಿಮರ್ಶೆ ಮಾಡಬೇಕೆಂದೂ, ವಿವಾದಗಳನ್ನು ಪಂಚಾಯಿತಿಗೆ ಒಪ್ಪಿಸಬೇಕೆಂದೂ ಅದರಲ್ಲಿ ಬರೆಯಲಾಗಿದ್ದಿತು. ದೂರದೃಷ್ಟಿಯ ಬರವಣಿಗೆಯೆಂದು ಇದನ್ನು ಹೊಗಳಲೇಬೇಕು. ಆದರೂ ವರ್ಷವರ್ಷದ ಹರಿವನ್ನು ನೋಡಿಕೊಳ್ಳುವ ಉಭಯ ಪಕ್ಷಗಳ ಸ್ಥಿರ ಮಂಡಲಿಯೊಂದನ್ನು ಅದು ಸ್ಥಾಪಿಸಲಿಲ್ಲ. ಕಾಲಾನಂತರ ಕಬಿನಿ, ಹೇಮಾವತಿ, ಹಾರಂಗಿಗಳನ್ನು ಕುರಿತು ಕೆಳನಾಡು ದೂರಿತು. ಕೆಳನಾಡಿನ ನೀರಾವರಿಯು ಮೇರೆ ಮೀರಿತೆಂದು ಮೇಲುನಾಡು ದೂರಿತು. ಸಚಿವರು, ಮುಖ್ಯಮಂತ್ರಿಗಳು ಇಪ್ಪತ್ತಕ್ಕೂ ಹೆಚ್ಚು ಬಾರಿ ಸೇರಿ ಚದುರಿದರು. ಕೊನೆಗೆ ನ್ಯಾಯಾಲಯದ ಆದೇಶದಿಂದ 1990ರ ಜೂನ್ 2ರಂದು ನ್ಯಾಯಮಂಡಲಿಯು ನೇಮಕವಾಯಿತು.

ಇಲ್ಲಿ ಖಾಸಗಿ ವ್ಯಾಜ್ಯದೊಡನೆ ಒಂದು ಹೋಲಿಕೆಯನ್ನು ಮಾಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಇಬ್ಬರು ದಾಯಾದಿಗಳು ಕಾಲುವೆಯ ಸರದಿಯನ್ನು ಕುರಿತು ರಾಜಿಯಾದರೆಂದು ಊಹಿಸೋಣ. ರಾಜಿಯು ಬರಿಯ ಕಾಗದದ ಮೇಲಿದ್ದರೆ, ಒಬ್ಬನು ತಪ್ಪಿದಾಗ ಇನ್ನೊಬ್ಬನು ವಕೀಲರ ಮೂಲಕ ತಿಳುವಳಿಕೆಯ ಪತ್ರವನ್ನು ಕಳುಹಿಸಿ, ಮಣಿಯದಿದ್ದರೆ ಹೊಸ ದಾವೆಯನ್ನೇ ಹೂಡಬೇಕಾಗುತ್ತದೆ. ಅದೇ ರಾಜಿಯನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದಂತೆ ಇಬ್ಬರೂ ರುಜು ಮಾಡಿ ನ್ಯಾಯಾಲಯದಲ್ಲಿ ದಾಖಲಿಸಿದ್ದರೆ ಅದು ಡಿಕ್ರಿಯಾಗುತ್ತದೆ. ಹೊಸ ದಾವೆ ಬೇಡ, 21ನೆಯ ಆದೇಶದಂತೆ ಅಮಲ್ಜಾರಿಗೆ ಅರ್ಜಿ ಸಾಕು. ಸಾಮಾನ್ಯವಾಗಿ ಇದಕ್ಕೆ 12 ವರ್ಷಗಳ ಅವಧಿಯುಂಟು. ಲೋಕ ಅದಾಲತ್ತಿನ ತೀರ್ಮಾನಕ್ಕೂ 1987ರ ಕಾನೂನು ಸೇವೆಗಳ ಶಾಸನವು ಡಿಕ್ರಿಯ ಬಲವನ್ನಿತ್ತಿದೆ. ಆದ್ದರಿಂದ ಬಲ್ಲ ವಕೀಲನು ರಾಜಿಯ ದಿನವೇ ಮೂರು ಸಂಗತಿಗಳನ್ನು ಬರೆಸುತ್ತಾನೆ: ಯಾರು ಏನನ್ನು ಯಾವ ದಿನದೊಳಗೆ ಮಾಡತಕ್ಕದ್ದು, ಮಾಡಿದ್ದಕ್ಕೆ ಸಾಕ್ಷ್ಯವೇನು, ಮಾಡದಿದ್ದರೆ ಮುಂದೇನು. ಜಗಳ ಹುಟ್ಟಿದ ಮೇಲೆ ಬರುವ ವಕೀಲನಿಗಿಂತ ರಾಜಿಯ ಕರಡನ್ನು ತಿದ್ದುವ ವಕೀಲನಿಂದ ಪ್ರಯೋಜನ ಹೆಚ್ಚು.

ದಾಯಾದಿಗಳಿಗೆ ಸುಲಭವಾಗಿ ಸಿಗುವ ಈ ಅನುಕೂಲವು ರಾಜ್ಯಗಳಿಗೆ ಬಹುಕಾಲ ಸಿಗಲಿಲ್ಲ. 1956ರ ಅಂತರರಾಜ್ಯ ಜಲವಿವಾದ ಶಾಸನವು ನ್ಯಾಯಮಂಡಲಿಯ ನಿರ್ಣಯವನ್ನು ಬಂಧಕವೆಂದಿತಾದರೂ, ಆ ನಿರ್ಣಯಕ್ಕೆ ಸರ್ವೋಚ್ಚ ನ್ಯಾಯಾಲಯದ ಡಿಕ್ರಿಯ ಬಲವೆಂದು ಬರೆದದ್ದು 2002ರ ತಿದ್ದುಪಡಿಯಲ್ಲಿ. ನಡುವೆ ಬಂದ 1991ರ ಜೂನ್ 25ರ ಮಧ್ಯಂತರ ಆದೇಶವು ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೆಟ್ಟೂರನ್ನು ತಲುಪಬೇಕೆಂದಿತು, ಒಂದು ಟಿ.ಎಂ.ಸಿ.ಯೆಂದರೆ ನೂರು ಕೋಟಿ ಘನ ಅಡಿ. ಮಳೆ ಕೈಕೊಟ್ಟ ವರ್ಷದಲ್ಲಿ ಸಂಕಟವನ್ನು ಹೇಗೆ ಹಂಚಿಕೊಳ್ಳಬೇಕೆಂಬ ಸೂತ್ರವು ಅದರಲ್ಲಿರಲಿಲ್ಲ. ನಮ್ಮ ರೈತರ ಅಳಲಿಗೆ ಇಲ್ಲಿ ನ್ಯಾಯವಾದ ಕಾರಣವುಂಟು. ಆದರೆ ಕರ್ನಾಟಕವು ಅದೇ ಜುಲೈ 25ರಂದು ಸುಗ್ರೀವಾಜ್ಞೆಯಿಂದ ಆ ಆದೇಶವನ್ನು ದಾಟಲು ಯತ್ನಿಸಿದುದು ಸರಿಯಾದ ಹಾದಿಯಾಗಿರಲಿಲ್ಲ. ನವೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು ಸುಗ್ರೀವಾಜ್ಞೆಯು ಸಂವಿಧಾನಕ್ಕೆ ವಿರುದ್ಧವೆಂದು ಅಭಿಪ್ರಾಯವಿತ್ತಿತು. 1919ರಲ್ಲಿ ಮದರಾಸು ಮಾಡಿದುದನ್ನು ನಾವು ತಪ್ಪೆನ್ನುವುದಾದರೆ, 1991ರಲ್ಲಿ ನಾವು ಮಾಡಿದುದನ್ನು ಒಪ್ಪೆನ್ನುವುದು ಹೇಗೆ?

ವಕೀಲನ ಸಹಾಯವೆಂದರೆ ಏನೆಂಬುದಕ್ಕೆ 2016ರ ಸೆಪ್ಟೆಂಬರ್ ತಿಂಗಳೇ ಉತ್ತಮ ನಿದರ್ಶನ. ಜಲಾಶಯಗಳು ಬತ್ತಿದ್ದವು, ಸರ್ವೋಚ್ಚ ನ್ಯಾಯಾಲಯವು ನೀರು ಬಿಡುವಂತೆ ಮತ್ತೆ ಮತ್ತೆ ಆದೇಶಿಸಿತು, 23ರಂದು ನಮ್ಮ ವಿಧಾನಮಂಡಲವು ಇರುವ ನೀರನ್ನು ಕುಡಿಯುವುದಕ್ಕೆಂದು ಕಾದಿರಿಸುವ ನಿರ್ಣಯವನ್ನು ಸ್ವೀಕರಿಸಿತು. ಬಹುಕಾಲದಿಂದ ಕರ್ನಾಟಕದ ಪರವಾಗಿ ವಾದಿಸುತ್ತಿದ್ದ ಫಾಲಿ ನಾರಿಮನ್ ಅವರು 30ರಂದು, ಆದೇಶವು ಪಾಲನೆಯಾಗದಿರುವಾಗ ತಾವು ಮುಂದೆ ವಾದಿಸಲಾರೆವೆಂದು ನ್ಯಾಯಾಲಯಕ್ಕೆ ತಿಳಿಸಿದರು. ಅಂದು ಅನೇಕರು ಇದನ್ನು ಕೈಬಿಟ್ಟಂತೆಂದು ಬಗೆದರು. ನಮಗೆ ಹಾಗೆ ತೋರುವುದಿಲ್ಲ. ಕಕ್ಷಿದಾರನ ಮಾತನ್ನು ನ್ಯಾಯಾಧೀಶನು ನಂಬಬೇಕಾದರೆ ಕಕ್ಷಿದಾರನು ನ್ಯಾಯಾಧೀಶನ ಮಾತನ್ನು ನಡೆಸಬೇಕು. ಈ ಕಟುಸತ್ಯವನ್ನು ತನ್ನವರಿಗೇ ಹೇಳುವ ವಕೀಲನೇ ಹಿತೈಷಿ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚಾಗಿ ದೊರೆತು, ಪಾಲು 284.75 ಆಯಿತು, ಅದರಲ್ಲಿ 4.75 ಬೆಂಗಳೂರಿನ ಅಗತ್ಯಕ್ಕೆ. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದುದು 192ರಿಂದ 177.25ಕ್ಕೆ ಇಳಿಯಿತು. ಸುಗ್ರೀವಾಜ್ಞೆಗೆ ದಕ್ಕದಿದ್ದ ನೀರು ವಾದಕ್ಕೆ ದಕ್ಕಿತು.

ಆ ವರ್ಷದ ಜೂನಿನಲ್ಲಿ ರಚಿತವಾದ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರವು 1924ರ ಕರಡುಗಾರರು ಬಿಟ್ಟ ಖಾಲಿ ಜಾಗವನ್ನು ತುಂಬುವ ಪ್ರಯತ್ನವೆನ್ನಬಹುದು. ಅದು ದೋಷರಹಿತವೆಂದು ನಾವು ಹೇಳುವುದಿಲ್ಲ. ಆದರೆ ಮಾತು ತಪ್ಪಿತೇ ಎಂದು ಅಳೆಯುವ ಕೋಲನ್ನು ಹಿಡಿದ ಮೂರನೆಯವರು ಈಗ ಇದ್ದಾರೆ.

ಮುಡುಕುತೊರೆಯ ಗದ್ದೆಯ ಒಡೆಯನ ಸ್ಥಿತಿ ವಿಲಕ್ಷಣವಾದದ್ದು. ತನ್ನ ಎದುರಿಗೆ ಹರಿದು ಹೋಗುವ ನೀರು ತನ್ನದಲ್ಲವೆಂದು ಅವನಿಗೆ ಬರದ ವರ್ಷದಲ್ಲಿ ಹೇಳಬೇಕಾಗುತ್ತದೆ. ಕರಾರು ಅನ್ಯಾಯದ್ದೆಂದು ಅವನಿಗೆ ಬೋಧಿಸುವುದು ಸುಲಭ. ಕರಾರನ್ನು ಓದಿ, ತನ್ನ ಕಡೆಯ ತಪ್ಪನ್ನೂ ಎದುರು ಕಡೆಯ ತಪ್ಪನ್ನೂ ಒಂದೇ ಕೋಲಿನಿಂದ ಅಳೆದು, ಪರಿಹಾರದ ಬಾಗಿಲನ್ನು ತೋರಿಸುವುದು ಕಷ್ಟ. ಇತಿಹಾಸದ ಅಧ್ಯಾಪಕರಾದ ನಮ್ಮ ಹೊಣೆ ಎರಡನೆಯದು.