ಸಂಕೇತವೂ ಗಾಯವೂ

ಕ್ರಿಸ್ತನ ಪಾಡುಗಳನ್ನು ಚಿತ್ರಿಸಿದ ಪುನರುಜ್ಜೀವನ ಕಾಲದ ಕೃತಿಗಳ ವಿಮರ್ಶೆ ಬಹುಮಟ್ಟಿಗೆ ನಿಘಂಟಿನ ಹಾದಿಯನ್ನೇ ಹಿಡಿದಿದೆ. ಶಿಲುಬೆಯ ಬುಡದ ತಲೆಬುರುಡೆ ಆದಾಮನದು. ರಾಫೇಲನ ಚಿತ್ರದಲ್ಲಿ ಬಾಲಯೇಸು ಮುಟ್ಟುವ ಗೋಲ್ಡ್‌ಫಿಂಚ್ ಹಕ್ಕಿ ಬರಲಿರುವ ಯಾತನೆಯ ಮುನ್ಸೂಚನೆ. ಕುರಿಮರಿಯೆಂದರೆ ಬಲಿಯಾದ ಕ್ರಿಸ್ತ. ಇವು ತಪ್ಪಲ್ಲ. ಆದರೆ ಈ ಪಟ್ಟಿ ಮುಗಿಯುವಷ್ಟರಲ್ಲಿ ಚಿತ್ರದಲ್ಲಿ ಅರ್ಥ ಉಳಿದಿರುತ್ತದೆ, ನೋವು ಉಳಿದಿರುವುದಿಲ್ಲ. ಸಂಕೇತವು ಯಾರನ್ನು ಉದ್ದೇಶಿಸಿ ಮಾತನಾಡುತ್ತದೆ ಎಂಬ ಪ್ರಶ್ನೆಯನ್ನು ನಿಘಂಟು ಕೇಳುವುದಿಲ್ಲ.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚಿಯೊ ಸುಮಾರು 1427ರಲ್ಲಿ ರಚಿಸಿದ ‘ತ್ರಿತ್ವ’ ಭಿತ್ತಿಚಿತ್ರವನ್ನು ನೋಡಿ. ಶಿಲುಬೆಯ ಮೇಲಿನ ದೇಹ ಶಾಂತ, ಪ್ರಮಾಣಬದ್ಧ. ಕೆಳಗೆ ಒಂದು ಅಸ್ಥಿಪಂಜರ. ಅದರ ಮೇಲಿನ ಬರಹ, ನೀನೂ ಮುಂದೆ ಇದೇ ಆಗುವೆ ಎಂದು ನೋಡುವವನಿಗೆ ನೆನಪಿಸುತ್ತದೆ. ಅಲ್ಲಿ ಸಾವು ಕ್ರಿಸ್ತನದಷ್ಟೇ ಅಲ್ಲ, ಎದುರಿಗೆ ನಿಂತವನದೂ ಹೌದು.

ಮಥಿಯಾಸ್ ಗ್ರ್ಯೂನೆವಾಲ್ಡ್ ಸುಮಾರು 1512 ಮತ್ತು 1516ರ ನಡುವೆ ರಚಿಸಿದ, ಇಂದು ಕೋಲ್ಮಾರ್ ನಗರದ ಉಂಟರ್‌ಲಿಂಡೆನ್ ಸಂಗ್ರಹಾಲಯದಲ್ಲಿರುವ ಈಸೆನ್‌ಹೈಮ್ ಬಲಿಪೀಠದ ಚಿತ್ರ ಇನ್ನೂ ಮುಂದೆ ಹೋಗುತ್ತದೆ. ಅದನ್ನು ಬರೆಸಿದ ಸಂತ ಅಂತೋನಿಯ ಮಠವು ರೋಗಿಗಳ ಆಶ್ರಯವಾಗಿತ್ತು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಕೊಳೆಯುತ್ತಿದ್ದವರು ಅಲ್ಲಿಗೆ ಬರುತ್ತಿದ್ದರು. ಚಿತ್ರದಲ್ಲಿಯೂ ಕ್ರಿಸ್ತನ ಚರ್ಮ ಹಸಿರುಗಟ್ಟಿದೆ, ಮೈತುಂಬ ಮುಳ್ಳು ಮುರಿದ ಹುಣ್ಣುಗಳಿವೆ, ಬೆರಳುಗಳು ಸೆಟೆದಿವೆ. ಸುವಾರ್ತೆಯ ಪ್ರಕಾರ ಅದಕ್ಕೂ ಮೊದಲೇ ಕೊಲೆಯಾಗಿದ್ದ ಸ್ನಾನಿಕ ಯೋಹಾನ ಪಕ್ಕದಲ್ಲಿ ನಿಂತು ಬೆರಳು ತೋರುತ್ತಾನೆ. ಅವನ ಕಾಲ ಬಳಿ ಕುರಿಮರಿಯ ರಕ್ತ ಪಾತ್ರೆಗೆ ಹರಿಯುತ್ತದೆ. ಇವೆರಡೂ ಶುದ್ಧ ಸಂಕೇತಗಳು. ಇವನ್ನು ಓದಲು ದೇವಶಾಸ್ತ್ರ ಬೇಕು. ಹುಣ್ಣನ್ನು ಓದಲು ಹುಣ್ಣಿದ್ದರೆ ಸಾಕು. ಬಲಿಪೀಠದ ಬಾಗಿಲು ತೆರೆದಾಗ ಕಾಣುವ ಪುನರುತ್ಥಾನದಲ್ಲಿ ಅದೇ ಚರ್ಮ ನಿರ್ಮಲವಾಗಿದೆ. ರೋಗಿಗೆ ಇದು ಸಿದ್ಧಾಂತವಲ್ಲ, ಭರವಸೆ.

ಗೋವಾದ ಸಾಳಗಾಂವಿನಲ್ಲಿ 1924ರಲ್ಲಿ ಹುಟ್ಟಿದ ಫ್ರಾನ್ಸಿಸ್ ನ್ಯೂಟನ್ ಸೋಜಾ ಈ ಪರಂಪರೆಯ ಉತ್ತರಾಧಿಕಾರಿಯೂ ಹೌದು, ವಿರೋಧಿಯೂ ಹೌದು. ಬಾಲ್ಯದಲ್ಲಿ ಸಿಡುಬಿನಿಂದ ಬದುಕುಳಿದಾಗ ತಾಯಿ ಹೊತ್ತ ಹರಕೆಯಂತೆ ಅವರಿಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು ಬಂತು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಅವರ 1959ರ ‘ಕ್ರೂಸಿಫಿಕ್ಷನ್’ ಚಿತ್ರದಲ್ಲಿ ಕ್ರಿಸ್ತ ಕಪ್ಪಗಿದ್ದಾನೆ, ರೇಖೆಗಳೇ ಮುಳ್ಳುಗಳಾಗಿವೆ. ಕುರಿಮರಿಯಿಲ್ಲ, ತೆರೆಯಬಹುದಾದ ಬಾಗಿಲೂ ಇಲ್ಲ. ಸಾಂತ್ವನವನ್ನು ನಿರಾಕರಿಸುವ ಈ ಧೈರ್ಯ ದೊಡ್ಡದು. ಆದರೆ ಗ್ರ್ಯೂನೆವಾಲ್ಡ್ ರೋಗಿಯೊಡನೆ ಮಾತನಾಡಿದರೆ, ಸೋಜಾ ಮುಖ್ಯವಾಗಿ ಚರ್ಚಿನೊಡನೆ ಜಗಳವಾಡುತ್ತಾರೆ. ನರಳುವವನು ಇಲ್ಲಿ ಸಾಕ್ಷ್ಯವಾಗುತ್ತಾನೆ, ಸಂಬೋಧಿತನಾಗುವುದಿಲ್ಲ. ಇದು ಈ ಕೃತಿಯ ಮಿತಿಯೆಂದೇ ನನ್ನ ಅಭಿಪ್ರಾಯ.

ಪಾಡಿನ ಕಥೆಗೆ ನಿಘಂಟು ಅನಿವಾರ್ಯವಲ್ಲ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ಮನೆಮಾತು ಕೊಂಕಣಿಯಾಗಿದ್ದ ಮಂಜೇಶ್ವರದ ಗೋವಿಂದ ಪೈಯವರು ಕ್ರೈಸ್ತರಲ್ಲದಿದ್ದರೂ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿಸಿದರು. ಭಾಷೆ, ಮತಗಳ ಗಡಿ ದಾಟಿ ಅವರನ್ನು ತಲುಪಿದ್ದು ಸಂಕೇತಗಳ ಪಟ್ಟಿಯಲ್ಲ, ಒಬ್ಬ ಮನುಷ್ಯ ಅನುಭವಿಸಿದ ಯಾತನೆ.

ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ಕುಳಿತು ಇದನ್ನು ಬರೆಯುವಾಗ ಈ ಮಾತು ಬರಿಯ ಕಲಾಚರಿತ್ರೆಯಾಗಿ ಉಳಿಯುವುದಿಲ್ಲ. ಕೂಲಿ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರು ಇಲ್ಲಿ ನೆಲೆಸಿದ್ದಾರೆ. ತಪಸ್ಸುಕಾಲದಲ್ಲಿ ಗೋವಾದ ಬೀದಿಗಳಲ್ಲಿ ಶಿಲುಬೆ ಹೊತ್ತ ಕ್ರಿಸ್ತನ ಮೂರ್ತಿಯ ಮೆರವಣಿಗೆ ಸಾಗುತ್ತದೆ. ಹೊರೆ ಹೊತ್ತು ಬೆನ್ನು ಬಾಗಿದವನೊಬ್ಬ ಬದಿಗೆ ನಿಂತು ಅದನ್ನು ನೋಡಿದರೆ, ಅವನಿಗೆ ಲ್ಯಾಟಿನ್ ತಿಳಿಯದು, ಸಂಕೇತಗಳ ಅರ್ಥವೂ ತಿಳಿಯದು. ಹೊರೆಯ ಭಾರ ತಿಳಿದಿದೆ. ಅವನ ನೋಟವನ್ನು ಅಜ್ಞಾನವೆಂದು ಬದಿಗಿಡುವ ವಿಮರ್ಶೆ, ಈಸೆನ್‌ಹೈಮ್‌ನ ರೋಗಿಯನ್ನೂ ಚಿತ್ರದ ಮುಂದಿನಿಂದ ಎಬ್ಬಿಸಿ ಕಳಿಸಿದಂತೆಯೇ ಸರಿ.