ಸೂರ್ಯನಿಲ್ಲದ ಮೂರು ದಿನ

ಪುನರ್ವಸು ಮಳೆ ಹಿಡಿದರೆ ಕೊಪ್ಪ ತಾಲ್ಲೂಕಿನ ನಾರ್ವೆಯ ಕಡೆ ಎಷ್ಟೋ ದಿನ ಸೂರ್ಯ ಕಾಣುವುದಿಲ್ಲ. ಆದರೂ ಬೆಳಗಾಗುತ್ತದೆ, ಕೊಟ್ಟಿಗೆಯ ಕೆಲಸ ಸಾಗುತ್ತದೆ, ಕತ್ತಲಾಗುತ್ತದೆ. ಅಡಕೆಗೆ ಕೊಳೆ ಔಷಧಿ ಹೊಡೆಯಲು ಒಂದು ಹೊಳ ಸಿಕ್ಕೀತೇ ಎಂದು ಕಾಯುವವರು ಸೂರ್ಯ ಕಾಣಲಿಲ್ಲವೆಂದು ದಿನ ಎಣಿಸುವುದನ್ನು ಬಿಡುವುದಿಲ್ಲ. ಇಂಥ ಆಷಾಢ ಕಂಡವರು ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ತೆರೆದರೆ, ಬೇರೆಯವರನ್ನು ತಡೆದು ನಿಲ್ಲಿಸುವ ಸಂಗತಿಯೊಂದನ್ನು ಸಲೀಸಾಗಿ ದಾಟಿಹೋಗಬಹುದು. ಅಲ್ಲಿ ಬೆಳಕು ಬರುವುದು ಮೊದಲನೆಯ ದಿನ, ಸೂರ್ಯ ಬರುವುದು ನಾಲ್ಕನೆಯ ದಿನ.

ಹಾಗಾದರೆ ಆ ಮೊದಲ ಮೂರು ದಿನಗಳನ್ನು ಅಳೆದದ್ದು ಯಾವುದರಿಂದ? ಈ ಪ್ರಶ್ನೆಗೆ ಹದಿನೆಂಟು ಶತಮಾನಗಳ ಇತಿಹಾಸವಿದೆ. ಮೂರನೆಯ ಶತಮಾನದ ಕ್ರೈಸ್ತ ಚಿಂತಕ ಓರಿಜೆನ್, ಸೂರ್ಯಚಂದ್ರರಿಲ್ಲದೆ ಸಂಜೆ ಬೆಳಗುಗಳು ಆದದ್ದು ಹೇಗೆ ಎಂದು ಕೇಳಿ ಅಕ್ಷರಾರ್ಥವನ್ನು ಬದಿಗಿಟ್ಟ. ನಾಲ್ಕನೆಯ ಶತಮಾನದ ಬೆಸಿಲ್ ಇವು ನಾವು ಕಾಣುವಂಥ ದಿನಗಳೇ ಎಂದ. ಅಗಸ್ಟೀನ್ (354–430) ಆದಿಕಾಂಡಕ್ಕೆ ಮತ್ತೆ ಮತ್ತೆ ವ್ಯಾಖ್ಯಾನ ಬರೆದು, ಎಲ್ಲವೂ ಏಕಕಾಲಕ್ಕೆ ಸೃಷ್ಟಿಯಾಯಿತು, ದಿನಗಳೆಂಬುವು ಅದನ್ನು ಅರಿಯುವ ಕ್ರಮ ಮಾತ್ರ ಎಂಬ ನಿಲುವಿಗೆ ಬಂದ. ಇವರಲ್ಲಿ ಯಾರಿಗೂ ಭೂವಿಜ್ಞಾನ ಗೊತ್ತಿರಲಿಲ್ಲ. ವಿಜ್ಞಾನಕ್ಕೆ ಹೆದರಿ ದಿನಗಳ ಅರ್ಥ ಬದಲಿಸಿದರು ಎಂಬ ಆರೋಪ ಕನಿಷ್ಠ ಇವರಿಗೆ ತಟ್ಟುವುದಿಲ್ಲ. ಇವರನ್ನು ಕಾಡಿದ್ದು ಪಠ್ಯವೇ.

ಈ ವಿಷಯದಲ್ಲಿ ಕನ್ನಡ ಓದುಗನ ಪಾಡು ಸ್ವಲ್ಪ ಬೇರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಮುಂದೆ ಬಾಸೆಲ್ ಮಿಷನ್ನಿನವರೂ ಅದರ ಪರಿಷ್ಕರಣೆಗೆ ದುಡಿದರು. ಹೀಬ್ರೂ ಮೂಲದ ಐದನೆಯ ವಚನದಲ್ಲಿ ‘ಯೋಮ್’ ಎಂಬ ಒಂದೇ ಪದ ಎರಡು ಸಲ ಬರುತ್ತದೆ. ಮೊದಲ ಸಲ ಅದು ಬೆಳಕಿಗೆ ಇಟ್ಟ ಹೆಸರು, ಎರಡನೆಯ ಸಲ ಸಂಜೆ ಬೆಳಗು ಸೇರಿದ ಇಡೀ ದಿನ. ಕನ್ನಡಕ್ಕೆ ಹಗಲೂ ಇದೆ, ದಿನವೂ ಇದೆ. ಕನ್ನಡ ಬೈಬಲ್ ಬೆಳಕಿಗೆ ‘ಹಗಲು’ ಎನ್ನುತ್ತದೆ, ಲೆಕ್ಕಕ್ಕೆ ‘ದಿನ’ ಎನ್ನುತ್ತದೆ. ಅನುವಾದ ತಿಳಿಯಾಯಿತು, ನಿಜ. ಆದರೆ ಒಂದೇ ಪದ ಒಂದೇ ವಚನದೊಳಗೆ ಅಗಲ ಬದಲಿಸಿಕೊಂಡದ್ದು ಕನ್ನಡದಲ್ಲಿ ಕಾಣದಾಯಿತು. ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ ಇದೇ ಪದ ಮತ್ತೂ ಹಿಗ್ಗಿ ಇಡೀ ಸೃಷ್ಟಿಯ ಕಾಲವನ್ನು ಹೇಳುತ್ತದೆ. ಅಲ್ಲಿ ‘ಮಾಡಿದಾಗ’ ಎಂದು ಅನುವಾದಿಸಿದರೆ ವಾಕ್ಯ ಸರಾಗವಾಗುತ್ತದೆ, ಆದರೆ ‘ದಿನ’ ಮಾಯವಾಗುತ್ತದೆ. ಕನ್ನಡದಲ್ಲಿ ಅಡಿಟಿಪ್ಪಣಿ ಬಹಳ ಬೇಕಾದ ಜಾಗ ಇದು.

ವಾದದ ಒಂದು ತುದಿಯಲ್ಲಿ ಇಪ್ಪತ್ತನಾಲ್ಕು ಗಂಟೆಯವರಿದ್ದಾರೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ವಂಶಾವಳಿಗಳನ್ನು ಕೂಡಿ ಕಳೆದು, ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಹೇಳಿದರು. ಆ ಸಂಖ್ಯೆ ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಅಚ್ಚಾಗುತ್ತ ಬಂದು, ಎಷ್ಟೋ ಜನರಿಗೆ ಅದೂ ಮೂಲದ ಮಾತೇ ಎನಿಸಿಬಿಟ್ಟಿತು. 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಬರೆದ ಪುಸ್ತಕ ಎಳೆಯ ಭೂಮಿಯ ವಾದಕ್ಕೆ ಮರುಜೀವ ಕೊಟ್ಟಿತು. ಈ ಪಕ್ಷದ ಒಂದು ಮಾತನ್ನು ತಳ್ಳಿಹಾಕಲಾಗದು. ಸಂಜೆ, ಬೆಳಗು, ಜೊತೆಗೆ ಸಂಖ್ಯೆ ಇರುವಲ್ಲಿ ‘ದಿನ’ ಎಂದರೆ ಸಾಮಾನ್ಯ ಓದುಗನಿಗೆ ಹೊಳೆಯುವುದು ದಿನವೇ. ಅವರು ಸೋಲುವುದು ಬೆಟ್ಟದ ಮುಂದೆ. ನಾರ್ವೆಯಿಂದ ಬಹಳ ದೂರವೇನೂ ಇಲ್ಲದ ಕುದುರೆಮುಖದ ಪಟ್ಟೆಪಟ್ಟೆಯ ಕಬ್ಬಿಣದ ಅದಿರು 250 ಕೋಟಿ ವರ್ಷಕ್ಕೂ ಹಳೆಯದು. ಅದನ್ನು ಆರು ಸಾವಿರ ವರ್ಷಕ್ಕೆ ಇಳಿಸುವ ದಾರಿಯಿಲ್ಲ.

ಇನ್ನೊಂದು ತುದಿಯಲ್ಲಿ ದಿನವನ್ನು ಯುಗವಾಗಿ ಹಿಗ್ಗಿಸುವವರು. ಸ್ಕಾಟ್ಲೆಂಡಿನಲ್ಲಿ ಕಲ್ಲುಕುಟಿಗನಾಗಿ ಬದುಕು ಶುರುಮಾಡಿ ಭೂವಿಜ್ಞಾನಿಯಾದ ಹ್ಯೂ ಮಿಲ್ಲರ್ ಇವರಲ್ಲಿ ಹೆಸರಾಂತ. ಈ ವಾದದ ಆತನ ಪುಸ್ತಕ ಹೊರಬಂದದ್ದು 1857ರಲ್ಲಿ, ಆತ ತೀರಿಕೊಂಡ ಮರುವರ್ಷ. ಈ ಬಗೆಯ ಓದಿಗೆ ಸೂರ್ಯನ ತೊಡಕು ಬಂದಾಗ ಕೊಡುವ ಸಮಾಧಾನ ಮಲೆನಾಡಿಗನ ಮನಸ್ಸಿಗೆ ತಟ್ಟನೆ ಹಿಡಿಸುವಂಥದು. ಸೂರ್ಯ ಮೊದಲೇ ಇದ್ದ, ಭೂಮಿಯನ್ನು ಮೋಡ ಕವಿದಿತ್ತು, ನಾಲ್ಕನೆಯ ದಿನ ಹೊಳವಾಯಿತು ಎಂಬ ಉತ್ತರ ಅದು.

ಉತ್ತರ ಸೊಗಸಾಗಿದೆ, ಆದರೆ ಪಠ್ಯ ಅದನ್ನು ಒಪ್ಪುವುದಿಲ್ಲ. ಒಣನೆಲ ‘ಕಾಣಿಸಿಕೊಳ್ಳಲಿ’ ಎಂಬ ಅರ್ಥದ ಕ್ರಿಯಾಪದವನ್ನು ಲೇಖಕ ಮೂರನೆಯ ದಿನ ಬಳಸಿದ್ದಾನೆ. ಆ ಪದ ಅವನ ಕೈಯಲ್ಲೇ ಇತ್ತು. ಹಾಗಿದ್ದೂ ನಾಲ್ಕನೆಯ ದಿನ ಸೂರ್ಯಚಂದ್ರರ ವಿಷಯಕ್ಕೆ ಬಂದಾಗ ಅವನು ‘ಮಾಡಿದ’ ಎನ್ನುತ್ತಾನೆ. ಇನ್ನು ಕ್ರಮವೂ ಹೊಂದುವುದಿಲ್ಲ. ಅಲ್ಲಿ ಹಣ್ಣಿನ ಮರ ಮೂರನೆಯ ದಿನದ್ದು, ಮೀನು ಐದನೆಯ ದಿನದ್ದು. ಪಳೆಯುಳಿಕೆಗಳಲ್ಲಿ ಮೀನಿಗೆ 45 ಕೋಟಿ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಹೂಬಿಡುವ ಸಸ್ಯಗಳಿಗೆ ಇರುವುದು ಸುಮಾರು 13 ಕೋಟಿಯದು. ದಿನವನ್ನು ಎಷ್ಟು ಎಳೆದರೂ ಈ ಹಿಂದುಮುಂದು ಸರಿಹೋಗದು. ಪಠ್ಯವನ್ನು ಕಾಪಾಡಲು ಹೊರಟವರು ಪಠ್ಯ ಆರಿಸಿಕೊಂಡ ಪದಗಳನ್ನೇ ಕಡೆಗಣಿಸಿದರು ಎಂಬುದು ಈ ಓದಿನ ಬಗ್ಗೆ ಹೇಳಲೇಬೇಕಾದ ಮಾತು.

ನಮ್ಮ ಸೀಮೆಯಲ್ಲಿ ಮೂರನೆಯ ದಾರಿಯೊಂದೂ ಉಂಟು, ಅದು ಹೋಲಿಕೆಯ ದಾರಿ. ಶೃಂಗೇರಿ ಸುತ್ತಿನ ಮನೆಗಳಲ್ಲಿ ಪೂಜೆಗೆ ಕೂತವರು ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪವನ್ನೂ ವೈವಸ್ವತ ಮನ್ವಂತರವನ್ನೂ ನೆನೆಯುತ್ತಾರೆ. ಕಲ್ಪವೆಂದರೆ ಬ್ರಹ್ಮನ ಒಂದು ಹಗಲು, ಸಾವಿರ ಮಹಾಯುಗ, 432 ಕೋಟಿ ವರ್ಷ. ಬೈಬಲಿನ ದಿನವೂ ಅಂಥದೇ ಇರಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ಎಂಬುದೂ ಜೊತೆಗೆ ಬರುತ್ತದೆ. ಸದ್ಭಾವದ ಮಾತು, ಆದರೆ ಅವಸರದ್ದು. ಪುರಾಣಗಳು ಬ್ರಹ್ಮನ ದಿನ ಎಷ್ಟು ವರ್ಷದ್ದೆಂದು ಬಾಯಿಬಿಟ್ಟು ಹೇಳುತ್ತವೆ. ಆದಿಕಾಂಡ ಅಳತೆ ಕೊಡುವುದೇ ಇಲ್ಲ. ಅಲ್ಲದೆ ಎಲ್ಲರನ್ನೂ ಒಂದೇ ಲೆಕ್ಕಕ್ಕೆ ತರಲು ಹೊರಟರೆ ಪಕ್ಕದ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ಜೈನರನ್ನು ಎಲ್ಲಿಡಬೇಕು? ಅವರಿಗೆ ಕಾಲಚಕ್ರವುಂಟು, ಜಗತ್ತಿಗೆ ಮೊದಲ ದಿನವೆಂಬುದಿಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ತರ್ಕದಿಂದ ಖಂಡಿಸಿದವರು. ಮೂರೂ ಪರಂಪರೆಗಳು ಇಷ್ಟು ಹತ್ತಿರ ಬಾಳುತ್ತಿರುವಾಗ, ಒಂದೊಂದೂ ಕಾಲದ ಬಗ್ಗೆ ತಾನು ಹೇಳುವುದನ್ನೇ ಹೇಳಲಿ ಎಂದು ಬಿಡುವುದು ನಿಜವಾದ ಗೌರವ.

ಹಾಗಾದರೆ ಆದಿಕಾಂಡ ಹೇಳುವುದೇನು? 1924ರಲ್ಲಿ ಡಚ್ ವಿದ್ವಾಂಸ ನೋರ್ಟ್‌ಜಿ, 1958ರಲ್ಲಿ ಅಮೆರಿಕದ ಮೆರಡಿತ್ ಕ್ಲೈನ್ ಮುಂದಿಟ್ಟ ಚೌಕಟ್ಟಿನ ವ್ಯಾಖ್ಯಾನ ಈವರೆಗಿನ ಓದುಗಳಲ್ಲಿ ಪಠ್ಯಕ್ಕೆ ಹೆಚ್ಚು ಹತ್ತಿರದ್ದು. ಮೊದಲ ಮೂರು ದಿನ ಜಾಗಗಳು ಸಿದ್ಧವಾಗುತ್ತವೆ, ಮುಂದಿನ ಮೂರು ದಿನ ಆ ಜಾಗಗಳು ತುಂಬುತ್ತವೆ. ಒಂದನೆಯ ದಿನದ ಬೆಳಕಿಗೆ ನಾಲ್ಕನೆಯ ದಿನದ ಜ್ಯೋತಿಗಳು, ಎರಡನೆಯ ದಿನದ ಆಕಾಶ ನೀರುಗಳಿಗೆ ಐದನೆಯ ದಿನದ ಹಕ್ಕಿ ಮೀನುಗಳು, ಮೂರನೆಯ ದಿನದ ನೆಲಕ್ಕೆ ಆರನೆಯ ದಿನದ ಪ್ರಾಣಿಗಳೂ ಮನುಷ್ಯರೂ. ಸೂರ್ಯ ತಡವಾಗಿ ಬಂದದ್ದೇಕೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಕರಗುತ್ತದೆ. ಜೋಡಣೆಯಲ್ಲಿ ಕೊರತೆಯೂ ಇದೆ. ಮೀನು ಈಜುವ ಸಮುದ್ರ ರೂಪುಗೊಂಡದ್ದು ಮೂರನೆಯ ದಿನ, ಜ್ಯೋತಿಗಳನ್ನು ಇಟ್ಟದ್ದು ಎರಡನೆಯ ದಿನದ ಆಕಾಶದಲ್ಲಿ. ಆದರೂ ಈ ಓದು ದಿನವನ್ನು ಹಿಗ್ಗಿಸುವುದಿಲ್ಲ, ಬೆಟ್ಟದೊಂದಿಗೆ ಜಗಳಕ್ಕೂ ನಿಲ್ಲುವುದಿಲ್ಲ. ದಿನ ಎಂದರೆ ದಿನವೇ. ಆದರೆ ಅದು ಒಬ್ಬ ಕೆಲಸಗಾರನ ವಾರದ ಚಿತ್ರದೊಳಗಿನ ದಿನ.

ಆ ವಾರ ಹೋಗಿ ಮುಟ್ಟುವುದು ಏಳನೆಯ ದಿನಕ್ಕೆ. ಆರು ದಿನಗಳ ಕೊನೆಯಲ್ಲೂ ತಪ್ಪದೆ ಬರುವ ಸಂಜೆ ಬೆಳಗುಗಳ ಮಾತು ಏಳನೆಯದಕ್ಕೆ ಬರುವುದಿಲ್ಲ. ಉದ್ದದ ಬಗ್ಗೆ ವಾದಿಸುವವರು ಹೆಚ್ಚಾಗಿ ಆರನೆಯ ದಿನಕ್ಕೇ ಪುಸ್ತಕ ಮುಚ್ಚುತ್ತಾರೆ, ಬೇಸರದ ಸಂಗತಿ ಅದು. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ ಸಬ್ಬತ್ ದಿನದ ಬಿಡುವಿಗೆ ಸೃಷ್ಟಿಯ ಆರು ದಿನಗಳನ್ನು ಕಾರಣವಾಗಿ ಕೊಟ್ಟು, ಆ ಬಿಡುವನ್ನು ಆಳಿಗೂ ದನಕರುವಿಗೂ ಪರದೇಶಿಗೂ ಹಂಚುತ್ತದೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಅದೇ ಆಜ್ಞೆಗೆ ಕೊಡುವ ಕಾರಣ ಬೇರೆ: ಈಜಿಪ್ಟಿನಲ್ಲಿ ನೀವೂ ದಾಸರಾಗಿದ್ದಿರಿ. ದಿನದ ಉದ್ದವೇ ಆಜ್ಞೆಯ ಬುಡವಾಗಿದ್ದರೆ ಕಾರಣ ಹೀಗೆ ಬದಲಾಗುತ್ತಿರಲಿಲ್ಲ.

ಕೊಪ್ಪ, ನರಸಿಂಹರಾಜಪುರದ ಕಾಫಿ ತೋಟಗಳಲ್ಲಿ ಹಾಜರಿ ಪುಸ್ತಕ, ಬಟವಾಡೆ, ವಾರದ ರಜೆ ಎಂದರೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ. ತೋಟ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯ್ದೆಯೂ ಏಳು ದಿನಕ್ಕೊಂದು ಬಿಡುವಿನ ದಿನ ಇರಬೇಕೆಂದಿತ್ತು. ಆರು ದಿನ ಹಾಜರಿ ಹಾಕಿಸಿ ಏಳನೆಯ ದಿನ ಚರ್ಚಿಗೆ ಬಂದು ಕೂತವರ ಕಿವಿಗೆ ಆದಿಕಾಂಡದ ಈ ಎರಡು ಅಧ್ಯಾಯಗಳು ಬೀಳುವಾಗ, ಏಳನೆಯ ದಿನದ ವಚನಗಳನ್ನೂ ಬಿಡದೆ ಓದಬೇಕು.